ಉಪ್ಪುಕಾಗದ

ಹೊಸ ಪ್ಯಾಂಟನ್ನು ಹಳೇದು ಮಾಡುವುದೇ ನನ್ನ ಕಸುಬು.
ಮುಂಡ್ರಿಗಿ ಕಡೆಯ ಶೆಡ್ಡಿನಲ್ಲಿ ಒಂಬತ್ತು ವರ್ಷ
ಗಾಳಿ ತುಂಬಿದ ರಬ್ಬರಿನ ಕಾಲಿಗೆ ಜೀನ್ಸು ತೊಡಿಸಿ
ಉಪ್ಪುಕಾಗದ ಹಿಡಿದು ತೊಡೆ ಉಜ್ಜಿದೆ, ಮಂಡಿ ಉಜ್ಜಿದೆ,
ಯಾರೂ ತೊಟ್ಟು ಕೂತಿರದ ಬಟ್ಟೆಗೆ
ಕೂತೆದ್ದ ನಿರಿಗೆ ಬರೆದೆ.
ದಿನಕ್ಕೆ ನೂರಿಪ್ಪತ್ತು ಪೀಸು.
ಸೀನಿದರೆ ನೀಲಿ. ತಲೆದಿಂಬು ನೀಲಿ.
ಕೂಸಿಗೆ ಹಾಲು ಕುಡಿಸುವಾಗ
ಅದರ ಕೆನ್ನೆಗೂ ಒಂದು ಬೆರಳು ನೀಲಿ.

ಒಂದು ಮಂಗಳವಾರ ಬಾಯ್ಲರಿನ ಪೈಪು
ಬಾಯಿ ಬಿಟ್ಟಿತು.
ಸದ್ದು ನೆನಪಿಲ್ಲ. ಬೆಳ್ಳಗಿತ್ತು, ಅಷ್ಟೇ.
ಹೊನ್ನೂರವಲಿ ನನ್ನನ್ನು ಎಳೆದು
ಒದ್ದೆ ಪ್ಯಾಂಟಿನ ಗುಡ್ಡೆಯ ಮೇಲೆ ಕೆಡವಿದನಂತೆ.
ಬಲಗೈ ಚರ್ಮ
ಕುಪ್ಪಸದ ತೋಳು ಕಳಚಿದ ಹಾಗೆ ಕಳಚಿತು.
ತೊಡೆಯದನ್ನು ತೆಗೆದು ತೇಪೆ ಹಾಕಿದರು.

ಗಾಯ ಮಾಯಿತು. ಮಾಯ್ದದ್ದೇ ತಪ್ಪಾಯಿತು.
ಮಾಯುತ್ತ ಮಾಯುತ್ತ ಬಿಗಿಯಿತು,
ಮೊಣಕೈ ಹಿಡಿದುಕೊಂಡಿತು,
ಕೈ ಬಾಯಿಂದ ಒಂದು ಗೇಣು ದೂರದಲ್ಲಿ
ನಿಂತೇಬಿಟ್ಟಿತು.
ಅಂಚಿಗೆಲ್ಲ ತುರಿಕೆ, ನಡುವೆ ಏನೂ ಇಲ್ಲ,
ಬೇರೆಯವರ ಕೈ ಮುಟ್ಟಿದಂಗೆ.
ಮದುವೆ ಪಂಕ್ತಿಯಲ್ಲಿ ಎಡಗೈಲಿ ಉಂಡರೆ
ಪಕ್ಕದವರು ಏನೂ ಅನ್ನಲಿಲ್ಲ.
ಎಲೆ ಮಾತ್ರ ತುಸು ಸರಿಸಿಕೊಂಡರು.

ಅಷ್ಟರಲ್ಲಿ ಶೆಡ್ಡಿಗೆ ಬೀರುವಿನಷ್ಟು ಎತ್ತರದ ಮಷಿನ್ನು ಬಂತು.
‘ಲೇಸರ್’ ಅಂದ ಮಾಲೀಕ, ಮನೆದೇವರ ಹೆಸರು ಹೇಳುವ ಹಾಗೆ.
ನಿಮಿಷಕ್ಕೊಂದು ಪ್ಯಾಂಟು.
ತೊಡೆಗೆ ಬೆಕ್ಕಿನ ಮೀಸೆ, ಮಂಡಿಗೆ ಹತ್ತು ವರ್ಷ ವಯಸ್ಸು.
ಸುಟ್ಟ ಹತ್ತಿಯ ವಾಸನೆ.
ನಾವು ಹದಿನಾಲ್ಕು ಹೆಂಗಸರು
ಉಪ್ಪುಕಾಗದ ಮಡಿಚಿಟ್ಟು ಹೊರಗೆ ಬಂದೆವು.

ಹಂಗಾಗಿ ದೊಡ್ಡಾಸ್ಪತ್ರೆಯ ಮೇಡಮ್ಮು
ಅದೇ ಹೆಸರು ಹೇಳಿದಾಗ ನಗು ಬಂತು.
ಅದು ಹಳೇದು ಮಾಡೋದಲ್ಲೇನ್ರೀ?
ಅವರಿಗೆ ತಿಳಿಯಲಿಲ್ಲ.
‘ಕಲೆ ಪೂರ್ತಿ ಹೋಗಲ್ಲ ಸುಂಕಮ್ಮಾ, ಮೆತ್ತಗಾಗ್ತದೆ.
ಆರು ಸಲ ಬರಬೇಕು. ಬಿಸಿಲಿಗೆ ಹೋಗಬಾರದು.’
ಬಿಸಿಲಿಗೆ!
ಕೋಟೆಗುಡ್ಡ ರಾತ್ರಿ ಹನ್ನೊಂದಕ್ಕೂ
ಹೊಟ್ಟೆಯೊಳಗಿನ ಕಾವು ಕಕ್ಕುವ ಊರಲ್ಲಿ.

ಬಿಳಿ ಮುಲಾಮು ಹಚ್ಚಿ ಒಂದು ತಾಸು ಕೂರಿಸಿದರು.
ಕಣ್ಣಿಗೆ ಕಪ್ಪು ಕನ್ನಡಕ.
ಟಕ್ ಟಕ್ ಟಕ್, ಕಾದೆಣ್ಣೆಗೆ ಸಾಸಿವೆ ಬಿದ್ದಂಗೆ.
ಮತ್ತೆ ಸುಟ್ಟ ವಾಸನೆ, ಈ ಸಲ ನನ್ನದೇ.
ಕನ್ನಡಕದೊಳಗೆ ಎಲ್ಲ ಬೆಳ್ಳಗಾಯಿತು, ಪೈಪು ಬಾಯಿ ಬಿಟ್ಟಿತು.
‘ನಿಲ್ಲಿಸ್ಲಾ?’
ಬೇಡ ಅಂದೆ, ಎಣಿಸ್ತಾ ಇದೀನಿ.
ಸುಳ್ಳು. ನಾನು ಯೋಚಿಸುತ್ತಿದ್ದೆ,
ಬಿರುಸು ಬಟ್ಟೆ ಮೆತ್ತಗಾಗೋದು ಉಜ್ಜಿಸಿಕೊಂಡ ಮೇಲೇ.
ಅಷ್ಟನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಮಗಳು ಕೈ ಹಿಡಿದು ನೋಡಿದಳು.
ಸಾಲು ಸಾಲು ಕೆಂಪು ಚುಕ್ಕಿ.
‘ಅವ್ವಾ, ಗೆರೆ ಯಾವಾಗ ಎಳೀತಾರೆ?’

ಎರಡನೇ ಸಲ, ಮೂರನೇ ಸಲ,
ನಾಲ್ಕಕ್ಕೆ ಬಸ್ಸು ತಪ್ಪಿ ಮುಂದಿನ ವಾರ.
ಬಣ್ಣ ಇನ್ನೂ ಬೇರೆಯೇ,
ಕಾಲುವೆ ನೀರು ನಿಂತ ಮೇಲೆ ಕಾಣುವ ತಳದ ಮಣ್ಣಿನದು.
ನೋಡುವವರು ಈಗಲೂ ನೋಡುತ್ತಾರೆ.

ಐದನೇದು ಮುಗಿದು ತಿಂಗಳಾಗಿತ್ತು. ಮೋತಿ ಸರ್ಕಲ್ಲಿನ ಗಾಡಿ ಮುಂದೆ
ಒಗ್ಗರಣೆ, ಮೇಲೊಂದು ಮಿರ್ಚಿ.
ಎಡಗೈಲಿ ಪೇಪರ್ ಪ್ಲೇಟು ಇತ್ತು,
ಬಲಗೈ ಕೇಳದೆಯೇ ಎದ್ದಿತು.
ಒಂದು ಗೇಣು.
ನಾಲ್ಕು ಬೆರಳು.
ಬಾಯಿ.

ಕಚ್ಚಿದ ಮಿರ್ಚಿಯ ಎಣ್ಣೆ ಮಣಿಕಟ್ಟು ದಾಟಿ
ತೇಪೆಯ ನಟ್ಟನಡುವೆ, ಎರಡು ವರ್ಷ
ಏನೂ ಗೊತ್ತಾಗದಿದ್ದ ಜಾಗಕ್ಕೆ ಇಳಿಯಿತು.
ಚುರ್ ಅಂತು.

ಗಾಡಿಯವನು ನೋಡಿದ, ‘ಸುಡ್ತೇನಕ್ಕಾ?’
ಹೂಂ ಅಂದೆ.
ಇನ್ನೊಂದು ಹಾಕು.